ಮೂರನೇ ಬಾಸ್ಕೆಟ್, ಮೂರನೇ ಸರಪಳಿ

ಮೇ, ಎರಡನೇ ವಾರ

ನಾನೇ ಮಾಡಿದ ಎರಡನೇ ಡಿಸ್ಕ್ ಗಾಲ್ಫ್ ಬಾಸ್ಕೆಟ್ಟೂ ಮೂಲೆ ಸೇರಿತು. ಮೊದಲನೆಯದು ಪಿವಿಸಿ ಪೈಪಿನದು. ಬಳ್ಳಾರಿ ಬಿಸಿಲಿಗೆ ಮಾಳಿಗೆ ಮೇಲೆ ನಿಂತಲ್ಲೇ ಬಾಗಿತ್ತು. ಎರಡನೆಯದಕ್ಕೆ ಹಳೇ ಸ್ಕೂಟರ್ ಟೈರಿನೊಳಗೆ ಕಾಂಕ್ರೀಟ್ ತುಂಬಿ ಬುಡ ಮಾಡಿದ್ದೆ. ಗಟ್ಟಿಯೇನೋ ಗಟ್ಟಿ, ಆದರೆ ಕೆಳಗೆ ಇಳಿಸೋಕೆ ಇಬ್ಬರು ಬೇಕು. ಈ ಸಲ ಷರತ್ತು ಒಂದೇ. ನಾನೊಬ್ಬನೇ ಬಿಚ್ಚಿ, ಟಿವಿಎಸ್ ಎಕ್ಸೆಲ್‌ಗೆ ಕಟ್ಟಿಕೊಂಡು, ಊರಾಚೆ ಬಯಲಿಗೆ ಹೋಗುವಂತಿರಬೇಕು.

ಗೊತ್ತಿಲ್ಲದವರಿಗೆ ಎರಡು ಮಾತು. ಡಿಸ್ಕ್ ಗಾಲ್ಫ್ ಅಂದರೆ ಚೆಂಡು, ಕೋಲು ಇಲ್ಲದ ಗಾಲ್ಫ್. ತಟ್ಟೆಯಂಥ ಡಿಸ್ಕ್ ಎಸೆದು, ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಬೀಳಿಸಬೇಕು. ಈ ಸರಪಳಿ ಬುಟ್ಟಿ ಅಮೆರಿಕದ ಎಡ್ ಹೆಡ್ರಿಕ್ ಎಂಬಾತನ ತಲೆಯಿಂದ ಬಂದದ್ದು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಮೈದಾನ ಮಾಡಿದಾಗ ಗುರಿಗೆ ಬರೀ ಕಂಬ ನಿಲ್ಲಿಸಿದ್ದ. ಡಿಸ್ಕ್ ಕಂಬಕ್ಕೆ ತಾಗಿತು, ಇಲ್ಲ ತಾಗಲಿಲ್ಲ ಅನ್ನೋ ಜಗಳ ತಪ್ಪಬೇಕಲ್ವಾ? ಅದಕ್ಕೇ ಆಮೇಲೆ ಸರಪಳಿ, ಬುಟ್ಟಿ ಬಂದವು. 2002ರಲ್ಲಿ ಆತ ತೀರಿಕೊಂಡ ಮೇಲೆ, ಆತನ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು. ಹುಚ್ಚು ಅಂದರೆ ಅದು. ನಂದು ಏನೂ ಅಲ್ಲ.

ಮೇ, ಕೊನೆ

ಗುಜರಿಯಿಂದ ಎರಡು ಸೈಕಲ್ ರಿಮ್ ತಂದೆ. ದೊಡ್ಡ ಸೈಕಲ್ಲಿನ 28 ಇಂಚಿನದು ಬುಟ್ಟಿಯ ಬಾಯಿಗೆ. 24 ಇಂಚಿನದು ಮೇಲೆ, ಸರಪಳಿ ತೂಗಲು. ಕಡ್ಡಿ ಕಿತ್ತ ಮೇಲೆ ಉಳಿಯುವ ತೂತುಗಳೇ ಕೊಕ್ಕೆಗೆ ಜಾಗ. ಇದಕ್ಕಿಂತ ಸುಲಭ ಇನ್ನೇನಿದೆ!

ಕೌಲ್ ಬಜಾರಿನ ವೆಲ್ಡಿಂಗ್ ಅಂಗಡಿಯಣ್ಣ ರಿಮ್ಮಿಗೆ ಜಾಲರಿ ಸುತ್ತುತ್ತಾ ಕೇಳಿದರು, "ಏನಪ್ಪಾ, ಕೋಳಿ ಬುಟ್ಟಿಯಾ?"

"ಅಲ್ಲಣ್ಣಾ, ಆಟದ್ದು."

"ಆಟಕ್ಕೆ ಇಷ್ಟು ಕಬ್ಬಿಣನಾ?"

ಕಂಬಕ್ಕೆ ಒಂದಿಂಚಿನ ಜಿಐ ಪೈಪ್. ಎರಡು ತುಂಡು ಮಾಡಿ ನಡುವೆ ಸಾಕೆಟ್ ಹಾಕಿಸಿದೆ. ಪಿಡಿಜಿಎ ಅಂತ ಈ ಆಟದ ಸಂಘ ಇದೆ. ಅವರ ಲೆಕ್ಕದಲ್ಲಿ ಬುಟ್ಟಿಯ ಅಂಚು ನೆಲದಿಂದ 82 ಸೆಂ.ಮೀ. ಇರಬೇಕು, ಆರು ಸೆಂ.ಮೀ. ಆಚೀಚೆ ನಡೆಯುತ್ತೆ. ನಂದು 84ಕ್ಕೆ ನಿಂತಿತು. ಮನೆ ಅಭ್ಯಾಸಕ್ಕೆ ಸಾಕು.

ಜೂನ್, ಮೊದಲ ವಾರ

ಈಗ ಅಸಲಿ ತಲೆನೋವು: ಸರಪಳಿ.

ಮೊದಲು ತಂದದ್ದು ಎಮ್ಮೆ ಕಟ್ಟುವ ದಪ್ಪ ಸರಪಳಿ. ಕೆ.ಜಿ. ಲೆಕ್ಕದಲ್ಲಿ ತೂಗಿಸಿದರೆ ಎಂಟು ಕೆ.ಜಿ. ಆಯಿತು. ನನ್ನ ಪಟರ್, ಅಂದರೆ ಹತ್ತಿರದಿಂದ ಬುಟ್ಟಿಗೆ ಎಸೆಯುವ ಡಿಸ್ಕ್, 175 ಗ್ರಾಂನದು. ಅಷ್ಟು ಹಗುರದ ಡಿಸ್ಕಿಗೆ ಆ ಸರಪಳಿ ಗೋಡೆ ಇದ್ದ ಹಾಗೆ. ಬಡಿದು ವಾಪಸ್ ನನ್ನ ಕಾಲಿಗೇ ಬಂತು. ಮೇಲಿಂದ ಸದ್ದು ಬೇರೆ. ಬೆಳಿಗ್ಗೆ ಆರಕ್ಕೆ ಪಕ್ಕದ ಮನೆ ಅಕ್ಕ ಗೋಡೆಯಾಚೆಯಿಂದ ಕೂಗಿದರು, "ಏನಪಾ, ಎಮ್ಮಿ ಬಿಚ್ಕೆಂಡೈತೇನು?"

ಆಮೇಲೆ ನಾಯಿ ಕಟ್ಟುವ ತೆಳ್ಳನೆ ಸರಪಳಿ ಹಾಕಿ ನೋಡಿದೆ. ಇದು ಉಲ್ಟಾ. ಡಿಸ್ಕ್ ಬಾಗಿಲ ಪರದೆ ಸರಿಸಿದ ಹಾಗೆ ಒಳಗೆ ಹೋಗಿ ಆಚೆ ಬದಿಯಿಂದ ಹೊರಬಿತ್ತು. ಕಂಬಕ್ಕೆ ತಾಗಿದರೆ ಉಳಿಯಿತು, ಇಲ್ಲ ಅಂದರೆ ಇಲ್ಲ.

ಈಗಿರುವುದು ನಾಲ್ಕು ಎಂಎಂ ದಪ್ಪದ್ದು, ಒಟ್ಟು ಮೂರೂವರೆ ಕೆ.ಜಿ. ಹೊರಸುತ್ತಿಗೆ 12 ಎಳೆ, ಒಳಸುತ್ತಿಗೆ ಆರು. ಹೊರಗಿನ ಎರಡು ಎಳೆ ನಡುವಿನ ಸಂದಿಗೆ ಒಳಗಿನ ಎಳೆ ಅಡ್ಡ ಬರಬೇಕು. ಇದು ಮುಖ್ಯ. ಕಂಪನಿ ಬಾಸ್ಕೆಟ್ಟುಗಳಲ್ಲೂ ಒಳಗೊಂದು ಹೊರಗೊಂದು ಸುತ್ತು ಇಡುವುದು ಇದಕ್ಕೇ. ಇನೋವಾ ಕಂಪನಿಯ ಡಿಸ್ಕ್ಯಾಚರ್ ಪ್ರೊ ಅನ್ನೋ ಬಾಸ್ಕೆಟ್ಟಿನಲ್ಲಿ 28 ಎಳೆ ಇವೆ. ನನ್ನ ಟಿವಿಎಸ್‌ಗೆ ಅಷ್ಟು ಭಾರ ಬೇಡ.

ಇಷ್ಟಾದರೂ ಡಿಸ್ಕ್ ಪುಟಿಯುತ್ತಲೇ ಇತ್ತು. ಮೂರು ದಿನ ತಲೆ ಕೆರೆದುಕೊಂಡೆ. ತಪ್ಪು ಇದ್ದದ್ದು ಕೆಳಗೆ. ಎಲ್ಲ ಎಳೆಗಳ ತುದಿಯನ್ನು ಒಂದು ಬಳೆಗೆ ಸೇರಿಸಿ, ಬಳೆಯನ್ನು ತಂತಿಯಿಂದ ಕಂಬಕ್ಕೆ ಬಿಗಿದಿದ್ದೆ. ಸರಪಳಿ ತಂಬೂರಿ ತಂತಿ ಥರ ನಿಂತಿತ್ತು. ಡಿಸ್ಕಿನ ವೇಗ ತಿನ್ನಬೇಕಾದರೆ ಸರಪಳಿ ಅದರ ಜೊತೆ ಸ್ವಲ್ಪ ಹೋಗಬೇಕು. ತಂತಿ ಕತ್ತರಿಸಿದೆ. ಬಳೆ ಕಂಬದ ಸುತ್ತ ಸಡಿಲವಾಗಿ ಎರಡು ಮೂರು ಇಂಚು ಆಡುವಂತೆ ಬಿಟ್ಟೆ. ಮುಂದಿನ ಎಸೆತ ಝಲ್ ಅಂತ ಹೊಕ್ಕು, ಒಂದು ಕ್ಷಣ ಸರಪಳಿಯಲ್ಲೇ ತೂಗಿ, ಬುಟ್ಟಿಗೆ ಜಾರಿತು. ಆ ಸದ್ದು ಎಮ್ಮೆದಲ್ಲ.

ಜೂನ್, ಮೂರನೇ ವಾರ

ಬುಡ. ಎಲ್ ಆಂಗಲ್‌ನ ಎರಡು ಪಟ್ಟಿ, ನಡುವೆ ಒಂದು ಬೋಲ್ಟ್. ಬಿಡಿಸಿದರೆ ಕೂಡಿಸುವ ಗುರುತು, ಮಡಿಸಿದರೆ ಒಂದೇ ಪಟ್ಟಿ. ಭಾರಕ್ಕೆ ನಾಲ್ಕು ಮರಳು ಚೀಲ. ಪಕ್ಕದ ಮನೆ ಅಕ್ಕ ಮನೆಯಲ್ಲೇ ಜೀನ್ಸ್ ಹೊಲಿಯುತ್ತಾರೆ. ನಮ್ಮೂರಲ್ಲಿ ಜೀನ್ಸ್ ಬಟ್ಟೆಗೇನು ಬರವೇ? ಕೆಟ್ಟು ಉಳಿದ ಪ್ಯಾಂಟುಗಳ ಕಾಲು ಕತ್ತರಿಸಿ, ಒಂದು ತುದಿ ಹೊಲಿದು ಕೊಟ್ಟರು. ಇನ್ನೊಂದು ತುದಿಗೆ ಹಗ್ಗ. ಖಾಲಿ ಚೀಲ ಸುತ್ತಿಕೊಂಡು ಹೋಗಿ, ಬಯಲಲ್ಲೇ ಮಣ್ಣು ತುಂಬುವುದು. ಆಟ ಮುಗಿದ ಮೇಲೆ ಸುರಿದು ಬರುವುದು.

ಆಷಾಢ

ಸಂಗನಕಲ್ಲು ರಸ್ತೆ ಕಡೆಯ ಬಯಲಲ್ಲಿ ಮೊದಲ ದಿನ. ಜೋಡಿಸಲು ಒಂಬತ್ತು ನಿಮಿಷ. ಅದರಲ್ಲಿ ಐದು ಮಣ್ಣು ತುಂಬೋಕೆ.

ಹತ್ತು ಮೀಟರ್ ದಾರಕ್ಕೆ ಮೂರು, ಐದು, ಏಳರಲ್ಲಿ ಗಂಟು ಹಾಕಿಕೊಂಡಿದ್ದೇನೆ. ಹತ್ತು ಮೀಟರ್ ಒಳಗಿನ ಎಸೆತವೇ ಈ ಆಟದಲ್ಲಿ ಪಟ್. ಎಸೆದ ಮೇಲೆ ಮುಗ್ಗರಿಸಿ ಮುಂದೆ ಹೋಗುವಂತಿಲ್ಲ, ನಿಂತ ಜಾಗದಲ್ಲೇ ತೂಕ ಸಂಭಾಳಿಸಬೇಕು. ಐದು ಮೀಟರಿನಿಂದ 20ಕ್ಕೆ 14 ಬಿದ್ದವು. ಹತ್ತರಿಂದ ನಾಲ್ಕು. ನಾಲ್ಕೂ ಗಾಳಿಯ ಕೃಪೆ ಅಂತ ನನಗೇ ಅನುಮಾನ. ಆಷಾಢದ ಗಾಳಿ ಎದುರಿದ್ದರೆ ಡಿಸ್ಕ್ ಮೇಲೇಳುತ್ತೆ, ಬುಟ್ಟಿಯ ಅಂಚಿಗೇ ಗುರಿ ಇಡಬೇಕು. ಬೆನ್ನಿಗಿದ್ದರೆ ದೊಪ್ಪನೆ ಕುಸಿಯುತ್ತೆ, ಆಗ ಮೇಲಿನ ರಿಮ್ ನೋಡಿ ಎಸೀಬೇಕು. ಮಾಳಿಗೆ ಮೇಲೆ ಗೋಡೆ ಮರೆಯಲ್ಲಿ ಆಡುತ್ತಿದ್ದಾಗ ಇದು ತಿಳಿದೇ ಇರಲಿಲ್ಲ.

ಬಾಸ್ಕೆಟ್ ಒಂದು ಸಲವೂ ಉರುಳಲಿಲ್ಲ. ಆದರೆ ಒಂದು ಡಿಸ್ಕ್ ಬಳ್ಳಾರಿ ಜಾಲಿ ಪೊದೆಯೊಳಗೆ ಹೋಯಿತು. ತೆಗೆಯೋಕೆ ಹೋಗಿ ಅಂಗಿ ಹರಿಯಿತು. ಅದೇ ಮುಳ್ಳು ನಾಲ್ಕರಲ್ಲಿ ಎರಡು ಚೀಲಕ್ಕೆ ತೂತು ಮಾಡಿದೆ, ಜಾಡಿಸಿದರೆ ಮಣ್ಣು ಸೋರುತ್ತೆ. ಸಾಕೆಟ್ಟೂ ಸ್ವಲ್ಪ ಲೊಡಲೊಡ ಅನ್ನುತ್ತಿದೆ. ಅದಕ್ಕೆ ಸುಮ್ನೆ ಒಂದು ಸುತ್ತು ಟೇಪ್ ಸಾಕು.

ಚೀಲ ಮತ್ತೆ ಅಕ್ಕನ ಮನೆಗೆ ಹೋಗಿವೆ. ಡಬಲ್ ಬಟ್ಟೆ ಹಾಕಿ ಅಕ್ಕಾ ಅಂದೆ. "ಹಾಕ್ತೀನಿ. ಈ ಸಲ ಜೇಬಿರೋ ಕಡೆ ಕತ್ತರಿಸ್ತೀನಿ, ನಿನ್ನ ತಟ್ಟಿ ಇಟ್ಕಳಾಕ ಆಕ್ಕತಿ" ಅಂದರು. 21 ಸೆಂ.ಮೀ. ಅಗಲದ ಡಿಸ್ಕ್ ಯಾವ ಪ್ಯಾಂಟಿನ ಜೇಬಿಗೂ ಹಿಡಿಯಲ್ಲ ಅಂತ ನಾನಿನ್ನೂ ಹೇಳಿಲ್ಲ.