ಮಳೆ ಪುಸ್ತಕದ ಸೊನ್ನೆ

2025 ಮಾರ್ಚ್ 23, ಭಾನುವಾರ
ಸೋಮವಾರಪೇಟೆ ಹತ್ತಿರ, ಕೊಡಗು

ಅಂತೂ ನಿನ್ನೆ ರಾತ್ರಿ ಹೂಮಳೆ, ಅಂದರೆ ಕಾಫಿ ಗಿಡದ ಹೂ ಅರಳಿಸುವ ಮಳೆ, ಬಂತು. ಬೆಳಿಗ್ಗೆ ಅಳೆದರೆ 1 ಇಂಚು 12 ಸೆಂಟು. ರೋಬಸ್ಟಾ ಕಾಫಿಯ ಹೂವಿಗೆ ಸಾಕು. (ಬೇರೆ ಊರಿನವರಿಗೆ: ತೋಟದವರ ಲೆಕ್ಕದಲ್ಲಿ 100 ಸೆಂಟು ಅಂದರೆ ಒಂದು ಇಂಚು.) ಕೆಳಗಿನ ತೋಟದವರು ಫೋನ್ ಮಾಡಿದರು. ಅವರಲ್ಲಿ 85 ಸೆಂಟಂತೆ. ನಡುವೆ ಇರುವುದು ಒಂದು ಬೇಲಿ, ಒಂದು ತೋಡು, ಅಷ್ಟೇ.

ಅಕ್ಕನ ಮಗ ಮೈಸೂರಿನಿಂದ ಬಂದಿದ್ದಾನೆ. ಬಿಎಸ್ಸಿ ಓದುತ್ತಿದ್ದಾನೆ. ಅಕ್ಕಿರೊಟ್ಟಿ ಮುರಿಯುತ್ತಾ ಕೇಳಿದ: "ಮಾವ, ಬುಡದಲ್ಲಿ ಗಣಿತದ ಸ್ವಯಂಸಿದ್ಧ, ಮೇಲೆ ಅಳತೆ. ಇವೆರಡಿದ್ದರೆ ಜಗತ್ತಲ್ಲಿ ಏನಿದೆ, ಏನಿಲ್ಲ ಅಂತ ಹೇಳಿಬಿಡಬಹುದು ಅಲ್ವಾ?"

ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಹೇಳಿದವನು ನಾನು. ಹೌದು ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ.

ಮೊದಲಿಗೆ ಆ ಪದವೇ ಮೋಸ. ಸ್ವಯಂಸಿದ್ಧ ಅಂದರೆ ತಾನೇ ಸಿದ್ಧವಾದದ್ದು, ಕೇಳುವ ಹಾಗಿಲ್ಲ ಅಂತ. ಯೂಕ್ಲಿಡ್‌ನ ಐದನೆಯ ನಿಯಮವನ್ನು ಹಾಗೆಯೇ ಕಲಿಸಿದೆ: ಒಂದು ಗೆರೆ, ಅದರ ಹೊರಗೊಂದು ಚುಕ್ಕಿ, ಆ ಚುಕ್ಕಿಯ ಮೂಲಕ ಒಂದೇ ಒಂದು ಸಮಾಂತರ ರೇಖೆ. ಇದನ್ನು ಸಾಧಿಸಿ ತೋರಿಸಲು ಜನ ಸುಮಾರು ಎರಡು ಸಾವಿರ ವರ್ಷ ಒದ್ದಾಡಿದರು. ಆಮೇಲೆ 1829ರಲ್ಲಿ ರಷ್ಯಾದ ಲೊಬಚೆವ್‌ಸ್ಕಿ, 1832ರಲ್ಲಿ ಹಂಗರಿಯ ಬೋಯಾಯ್, ಒಂದಲ್ಲ, ಎಷ್ಟೋ ಸಮಾಂತರ ರೇಖೆ ಇರಲಿ ಅಂದುಕೊಂಡು ಬೇರೆಯದೇ ರೇಖಾಗಣಿತ ಕಟ್ಟಿ ಪ್ರಕಟಿಸಿದರು. ಅಲ್ಲಿ ತ್ರಿಕೋನದ ಮೂರು ಕೋನ ಕೂಡಿದರೆ 180ಕ್ಕಿಂತ ಕಮ್ಮಿ. ಅದೂ ಯೂಕ್ಲಿಡ್‌ನದರಷ್ಟೇ ಗಟ್ಟಿ. ನಮ್ಮ ತೋಟದ ಮೂರು ಸಿಲ್ವರ್ ಮರಗಳ ನಡುವೆ ಯಾವ ಲೆಕ್ಕ ನಡೆಯುತ್ತದೆ ಅಂತ ಕಾಗದ ಹೇಳುವುದಿಲ್ಲ. ಇದನ್ನು ಒಪ್ಪಿದರೆ ಅದು ಬರುತ್ತದೆ, ಅಷ್ಟೇ ಅದರ ಕೆಲಸ.

"ಸರಿ, ಅಳೆದು ನೋಡೋಣ" ಅಂದ. ಹುಡುಗ ಬಿಡುವವನಲ್ಲ.

ಅದಕ್ಕೆ ಫ್ರಾನ್ಸಿನ ಖಗೋಳಜ್ಞ ಲೆವೆರಿಯೆ ಕಥೆ ಹೇಳಿದೆ. ಯುರೇನಸ್ ಲೆಕ್ಕದ ಹಾಗೆ ಓಡುತ್ತಿರಲಿಲ್ಲ. ಆಚೆ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಅಂತ ಪ್ಯಾರಿಸ್ಸಿನಲ್ಲಿ ಕೂತು ಲೆಕ್ಕ ಹಾಕಿ ಜಾಗ ಹೇಳಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್‌ನಲ್ಲಿ ಗಾಲೆ ದೂರದರ್ಶಕ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ಸಿಕ್ಕಿತು, ನೆಪ್ಚೂನ್! ಮುಂದೆ ಬುಧನ ದಾರಿಯಲ್ಲೂ ತಪ್ಪು ಕಂಡಿತು, ನೂರು ವರ್ಷಕ್ಕೆ ಒಂದಿಷ್ಟು ಸೆಕೆಂಡು ಕೋನ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಸೆಕೆಂಡು). 1859ರಲ್ಲಿ ಅದೇ ಮನುಷ್ಯ ಅದೇ ಉಪಾಯ ಮಾಡಿದ. ಸೂರ್ಯನ ಹತ್ತಿರ ಏನೋ ಇರಬೇಕು ಅಂದ. ಅದಕ್ಕೆ ವಲ್ಕನ್ ಅಂತ ಹೆಸರೂ ಬಿತ್ತು. ಕಂಡೆ ಅಂದವರೂ ಇದ್ದರು. ಆದರೆ ವಲ್ಕನ್ ಇರಲೇ ಇಲ್ಲ. ತಪ್ಪಿದ್ದದ್ದು ಗುರುತ್ವದ ನಿಯಮದಲ್ಲಿ. 1915ರಲ್ಲಿ ಐನ್‌ಸ್ಟೈನ್ ಆ ಬಾಕಿ 43 ಸೆಕೆಂಡನ್ನು ಗ್ರಹವೇ ಇಲ್ಲದೆ ಸರಿಮಾಡಿದ.

ಎರಡೂ ಸಲ ಅಳತೆ ಸರಿಯಾಗಿಯೇ ಇತ್ತು. ಒಂದು ಇದೆ, ಇನ್ನೊಂದು ಇಲ್ಲ. ಇದೆ ಅನ್ನುವುದು ಕೂಡಿ ಕಳೆದು ಬರುವ ಉತ್ತರವಲ್ಲ ಅಂತ ನನಗೆ ಅನ್ನಿಸುವುದು ಇಲ್ಲೇ. ಇಲ್ಲ ಅನ್ನಿಸಲು ಮಾತ್ರ ಅಳತೆ ಚೆನ್ನಾಗಿ ಒದಗುತ್ತದೆ. ಅದೇನು ಸಣ್ಣ ಕೆಲಸವಲ್ಲ.

"ಆದರೆ ನೆಪ್ಚೂನ್ ಸಿಕ್ಕಿತಲ್ಲ ಮಾವ" ಅಂದ. ಸಿಕ್ಕಿತು. ಅದಕ್ಕೂ ಮೊದಲು, 1612ರಲ್ಲೇ, ಗೆಲಿಲಿಯೋ ಅದನ್ನು ನೋಡಿ, ನಕ್ಷತ್ರ ಅಂದುಕೊಂಡು ಪುಸ್ತಕದಲ್ಲಿ ಗುರುತು ಹಾಕಿಟ್ಟಿದ್ದ.

ಇದಕ್ಕೆ ಅವನು ಏನೂ ಹೇಳಲಿಲ್ಲ. ಎದ್ದು ಹೋಗಿ ನನ್ನ ಮಳೆ ಪುಸ್ತಕ ತಿರುವುತ್ತಾ ಕೂತ. ಹೋದ ವರ್ಷದ ಪುಟದಲ್ಲಿ ನಿಂತ.

"ಇಲ್ಲಿ ಸೊನ್ನೆ ಇದೆ. ಎಂಟು ದಿನ ಬಿಟ್ಟು 'ಹೂವು ಪೂರ್ತಿ' ಅಂತ ಬರೆದಿದ್ದೀರಿ. ಸ್ಪ್ರಿಂಕ್ಲರ್ ಹಾಕಿದ್ರಾ?"

ಹಾಕಿರಲಿಲ್ಲ. ಆವತ್ತು ಸಿಲ್ವರ್ ಮರದ ಎಲೆ ಬಿದ್ದು ಮಾಪಕದ ಬಾಯಿ ಮುಚ್ಚಿತ್ತು. ನಾನು ನಿದ್ದೆಗಣ್ಣಲ್ಲಿ ಹೋಗಿ, ಒಳಗೆ ನೀರಿಲ್ಲದ್ದು ನೋಡಿ, ಒದ್ದೆ ಚಪ್ಪಲಿಯಲ್ಲೇ ವಾಪಸ್ ಬಂದು ಸೊನ್ನೆ ಬರೆದಿದ್ದೆ.

ಈಗ ತಿದ್ದೋಣ ಅಂದ. ಎಷ್ಟು ಅಂತ ತಿದ್ದುವುದು? ಬೇಡ ಅಂದೆ.