ಅವರು ಗಂಡಸರಾಗಲು ಹೊರಟಿದ್ದರೇ?

ಹೊಲಿಗೆ ತರಗತಿಯಲ್ಲಿ ಉಡುಪಿನ ಚರಿತ್ರೆ ಹೇಳುವಾಗ 1920ರ ದಶಕದ ಪ್ಯಾರಿಸ್, ಬರ್ಲಿನ್, ಲಂಡನ್ ಹೆಂಗಸರ ಚಿತ್ರಗಳನ್ನು ತೋರಿಸುತ್ತೇನೆ. ಕತ್ತು ಕಾಣುವಂತೆ ಕತ್ತರಿಸಿದ ಕೂದಲು, ಎದೆಯೂ ಸೊಂಟವೂ ತಿಳಿಯದಂತೆ ನೇರವಾಗಿ ಇಳಿದ ಫ್ರಾಕು, ಬೆರಳ ಸಂದಿಯಲ್ಲಿ ಸಿಗರೇಟು. ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಇವರಿಗೆಲ್ಲ ಗಂಡಸರಾಗಬೇಕು ಅನ್ನಿಸಿತ್ತೇ?"

ಇಲ್ಲ ಎಂದೇ ಹೇಳುತ್ತೇನೆ. ಅವರಲ್ಲಿ ಬಹುಪಾಲು ಮಂದಿ ಬಯಸಿದ್ದು ಹದಿಹರೆಯದ ಮೈಯನ್ನು, ಓಡಾಟದ ಸಲೀಸನ್ನು. ಗಂಡಸಿನ ಉಡುಪನ್ನೇ ತೊಡಬೇಕೆಂದವರೂ ಇದ್ದರು. ಅವರು ಕೆಲವೇ ಮಂದಿ, ಮತ್ತು ಅವರಿಗೆ ಸಮಾಜ ತೋರಿದ ಮುಖವೇ ಬೇರೆ.

ಜರ್ಮನಿಯ ಚಿತ್ರಕಾರ ಒಟ್ಟೊ ಡಿಕ್ಸ್ 1926ರಲ್ಲಿ ಪತ್ರಕರ್ತೆ ಸಿಲ್ವಿಯಾ ಫಾನ್ ಹಾರ್ಡೆನ್ ಅವರನ್ನು ಚಿತ್ರಿಸಿದ. ಒಂದು ಕಣ್ಣಿಗೆ ಮಾತ್ರ ಕನ್ನಡಕದ ಗಾಜು, ಹುಡುಗರ ಕ್ರಾಪು, ಕೆಫೆಯ ಮೇಜಿನ ಮೇಲೆ ಮದ್ಯದ ಲೋಟ. ತರಗತಿಯಲ್ಲಿ ಅನೇಕರು ಮೊದಲ ನೋಟಕ್ಕೆ ಗಂಡಸೆಂದೇ ತಿಳಿಯುತ್ತಾರೆ. ಇನ್ನೊಮ್ಮೆ ನೋಡಿ ಎನ್ನುತ್ತೇನೆ. ಆಕೆ ತೊಟ್ಟಿರುವುದು ಕೆಂಪು ಕಪ್ಪು ಚೌಕಳಿಯ ಫ್ರಾಕು. ತುಟಿಗೆ ದಟ್ಟ ಬಣ್ಣ, ಬೆರಳಿಗೆ ಉಂಗುರ. ಮೊಣಕಾಲಿನ ಹತ್ತಿರ ಕಾಲುಚೀಲ ಜಾರಿದೆ. ಆ ದಶಕದ ಫ್ಯಾಷನ್ ಹೆಚ್ಚುಕಡಿಮೆ ಹೀಗೆಯೇ ಇತ್ತು: ಕೂದಲು ಚಿಕ್ಕದಾದಷ್ಟೂ ತುಟಿಯ ಬಣ್ಣ ಗಾಢವಾಯಿತು, ಮೊದಲ ಬಾರಿಗೆ ಕಾಲು ಹೊರಗೆ ಕಂಡಿತು. ಗಂಡಸಾಗಿ ಕಾಣಬೇಕೆನ್ನುವವರು ಕಾಲು ತೋರಿಸುವುದಕ್ಕೆ ಇಷ್ಟು ಆಸ್ಥೆ ವಹಿಸುವುದಿಲ್ಲ.

ಹೊಲಿಯುವವಳಾಗಿ ನನಗೆ ಹೆಚ್ಚು ಮುಖ್ಯವೆನ್ನಿಸುವುದು ಆ ಫ್ರಾಕಿನ ಕಟಿಂಗ್. ಮೊದಲ ಮಹಾಯುದ್ಧಕ್ಕೆ ಹಿಂದಿನ ತಲೆಮಾರಿನ ಹೆಂಗಸಿನ ಉಡುಪಿನ ಅಡಿಯಲ್ಲಿ ಉಕ್ಕಿನ ಪಟ್ಟಿ ಅಥವಾ ತಿಮಿಂಗಿಲದ ಬಾಯಿಂದ ತೆಗೆದ ಪಟ್ಟಿಗಳನ್ನು ಹೊಲಿದ, ಸೊಂಟ ಬಿಗಿಯುವ ಕಾರ್ಸೆಟ್ ಇರುತ್ತಿತ್ತು. ಅದರ ಮೇಲೆ ಮೈಗೆ ಬಿಗಿಯುವ ರವಿಕೆ, ಸಾಲು ಸಾಲು ಕೊಕ್ಕೆ, ಅನೇಕ ಸಲ ಬೆನ್ನಿನ ಕಡೆಗೆ. ಅನುಕೂಲಸ್ಥ ಮನೆಯ ಹೆಂಗಸು ಕೆಲಸದವಳ ನೆರವಿಲ್ಲದೆ ಬಟ್ಟೆ ತೊಡುವುದೇ ಕಷ್ಟವಾಗಿತ್ತು. 1920ರ ದಶಕದ ಫ್ರಾಕನ್ನು ತಲೆಯ ಮೇಲಿಂದ ಹಾಕಿಕೊಂಡರೆ ಆಯಿತು. ಭುಜದಿಂದ ಅಂಚಿನವರೆಗೆ ನೇರ ಗೆರೆ, ಮೈಯ ಆಕಾರಕ್ಕೆ ಹಿಡಿಯುವ ಮಡಿಕೆಹೊಲಿಗೆ (ಡಾರ್ಟ್) ಕಡಿಮೆ, ನಡುಪಟ್ಟಿ ಕೆಳಗೆ ಜಾರಿ ಸೊಂಟದ ಮೂಳೆಯ ಮೇಲೆ. ಸರಳವಾದದ್ದನ್ನು ಎರಡು ಉದ್ದ ತುಂಡುಗಳಿಂದಲೇ ಹೊಲಿಯಬಹುದು. ನನ್ನ ವಿದ್ಯಾರ್ಥಿಗಳು ಕಲಿಕೆಯ ಆರಂಭದಲ್ಲೇ ಹೊಲಿದುಬಿಡುತ್ತಾರೆ. ಟೈಪಿಸ್ಟ್ ಆಗಿದ್ದವಳು, ಅಂಗಡಿಯಲ್ಲಿ ಮಾರಾಟಕ್ಕೆ ನಿಂತವಳು ಕಾಗದದ ಪ್ಯಾಟರ್ನ್ ಕೊಂಡು, ಅಗ್ಗದ ಕೃತಕ ರೇಷ್ಮೆ ತಂದು, ಮನೆಯ ಮೆಷಿನ್ನಿನಲ್ಲಿ ತಾನೇ ಹೊಲಿದುಕೊಂಡು ಸಿರಿವಂತರ ಮನೆಯವಳಂತೆಯೇ ಕಾಣಬಹುದಿತ್ತು. ಇದು ಸಣ್ಣ ಸಂಗತಿಯಲ್ಲ. ಈ ಫ್ಯಾಷನ್ ಬಗ್ಗೆ ನನಗಿರುವ ಪ್ರೀತಿಗೆ ಇದೇ ಮೊದಲ ಕಾರಣ.

ಗಂಡಸರಿಂದ ನಿಜವಾಗಿ ಎರವಲು ಬಂದದ್ದು ಬಟ್ಟೆ. ಗಂಡಸರ ಒಳ ಉಡುಪಿಗೆ ಬಳಸುತ್ತಿದ್ದ ಜೆರ್ಸಿ ಎಂಬ ಹೆಣೆದ ಬಟ್ಟೆಯನ್ನು ಪ್ಯಾರಿಸ್ಸಿನ ವಿನ್ಯಾಸಕಿ ಕೊಕೊ ಶನೆಲ್ ಯುದ್ಧದ ವರ್ಷಗಳಲ್ಲೇ ಹೆಂಗಸರ ಹೊರ ಉಡುಪಾಗಿಸಿದಳು. ಆಟದ ಮೈದಾನವೂ ದಾರಿ ಮಾಡಿಕೊಟ್ಟಿತು. 1919ರ ವಿಂಬಲ್ಡನ್‌ನಲ್ಲಿ ಫ್ರಾನ್ಸಿನ ಟೆನಿಸ್ ಆಟಗಾರ್ತಿ ಸುಜಾನ್ ಲೆಂಗ್ಲೆನ್ ಕಾರ್ಸೆಟ್ ಇಲ್ಲದೆ, ಗಿಡ್ಡ ತೋಳಿನ, ಮೀನಖಂಡದವರೆಗಿನ ಉಡುಪಿನಲ್ಲಿ ಆಡಿ ಗೆದ್ದಾಗ ಕೆಲವರು ಮೂಗು ಮುರಿದರು. ಆಕೆಯ ಜಿಗಿತಗಳ ಫೋಟೊ ನೋಡಿದರೆ ಬಟ್ಟೆ ಯಾಕೆ ಬದಲಾಗಬೇಕಾಯಿತೆಂದು ವಿವರಿಸುವ ಅಗತ್ಯವೇ ಇಲ್ಲ.

"ಹಾಗಾದರೆ ಇದು ಬಿಡುಗಡೆಯೇ?" ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅರ್ಧ ಮಾತ್ರ. ಆ ನೇರ ಫ್ರಾಕು ನೇರವಾದ ಮೈಯನ್ನೇ ಕೇಳುತ್ತಿತ್ತು. ಇಂಗ್ಲೆಂಡಿನ ಸಿಮಿಂಗ್ಟನ್ ಕಂಪನಿ ಎರಡೂ ಪಕ್ಕಗಳಲ್ಲಿ ದಾರ ಎಳೆದು ಎದೆಯನ್ನು ಚಪ್ಪಟೆ ಮಾಡುವ ಒಳ ಉಡುಪು ತಯಾರಿಸಿತು. ರಬ್ಬರಿನ ಸೊಂಟಪಟ್ಟಿಗಳು ಬಂದವು, ತೂಕ ಇಳಿಸುವ ಊಟದ ಗೀಳು ಬಂತು. ಮೂರು ಹೆತ್ತ ನಲವತ್ತರ ಹೆಂಗಸಿಗೆ ಈ ಉಡುಪು ದಯೆ ತೋರಿಸಲಿಲ್ಲ. ಮೊದಲು ಕಾರ್ಸೆಟ್ ಮಾಡುತ್ತಿದ್ದ ಕೆಲಸವನ್ನು ಈಗ ಹಸಿವು ಮಾಡಬೇಕಾಯಿತು. ಈ ಭಾಗವನ್ನು ಬಿಟ್ಟು ಬರೀ ಸಂಭ್ರಮ ಹೇಳುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ.

ಇಷ್ಟು ಬಣ್ಣ, ಇಷ್ಟು ಮಿನುಗು ಇದ್ದೂ ಅವರನ್ನು 'ಗಂಡುಬೀರಿ' ಎಂದು ಜರೆದದ್ದೇಕೆ? ಯುದ್ಧದಲ್ಲಿ ಫ್ರಾನ್ಸ್ ಸುಮಾರು 14 ಲಕ್ಷ ಜನರನ್ನು ಕಳೆದುಕೊಂಡಿತ್ತು. ಬ್ರಿಟನ್ನಿನಲ್ಲಿ 1921ರ ಜನಗಣತಿಯ ಪ್ರಕಾರ ಗಂಡಸರಿಗಿಂತ ಹೆಂಗಸರು 17 ಲಕ್ಷಕ್ಕೂ ಹೆಚ್ಚಿದ್ದರು. ದೇಶಕ್ಕೆ ಮಕ್ಕಳು ಬೇಕಿತ್ತು. 1920ರಲ್ಲಿ ಫ್ರಾನ್ಸ್ ಸಂತಾನ ನಿಯಂತ್ರಣದ ಪ್ರಚಾರವನ್ನೇ ಅಪರಾಧವಾಗಿಸಿತು. ಅಂಥ ಹೊತ್ತಿನಲ್ಲಿ ಎದೆ, ಸೊಂಟ ಕಾಣದ ಉಡುಪು ತಾಯ್ತನಕ್ಕೆ ಒಲ್ಲೆ ಎಂದಂತೆ ಕಂಡಿತು. 1922ರಲ್ಲಿ ವಿಕ್ಟರ್ ಮಾರ್ಗೆರಿಟ್ ಕೂದಲು ಕತ್ತರಿಸಿಕೊಂಡು ತನ್ನಿಚ್ಛೆಯಂತೆ ಬದುಕುವ ಹುಡುಗಿಯ ಕಾದಂಬರಿ ಬರೆದ. 'ಗಾರ್ಸಾನ್', ಅಂದರೆ ಹುಡುಗನಂಥ ಹುಡುಗಿ, ಎಂಬ ಹೆಸರು ಈ ಇಡೀ ಫ್ಯಾಷನ್ನಿಗೆ ಅಂಟಿಕೊಂಡದ್ದು ಅದರಿಂದಲೇ. ಕಥೆಯ ಕೊನೆಗೆ ಅವಳು ಒಬ್ಬನೊಡನೆ ನೆಲೆಯಾಗುತ್ತಾಳೆ. ಆದರೂ ಸರ್ಕಾರ ಲೇಖಕನಿಗೆ ಕೊಟ್ಟಿದ್ದ ಲೀಜಿಯನ್ ಆಫ್ ಆನರ್ ಎಂಬ ಉನ್ನತ ಗೌರವವನ್ನು ಹಿಂತೆಗೆದುಕೊಂಡಿತು.

ಕೂದಲಿಗೆ ಕತ್ತರಿ ಹಾಕಬಹುದಿತ್ತು, ಲಂಗ ಮೊಣಕಾಲಿಗೆ ಏರಬಹುದಿತ್ತು. ಪ್ಯಾಂಟು ಮಾತ್ರ ಬೇರೆ ಮಾತು. ಹೆಂಗಸು ಗಂಡಸಿನಂತೆ ಉಡಬೇಕಾದರೆ ಪೊಲೀಸರ ಅನುಮತಿ ಬೇಕು ಎಂಬ 1800ನೇ ಇಸವಿಯ ಆದೇಶ ಪ್ಯಾರಿಸ್ಸಿನಲ್ಲಿ ಇನ್ನೂ ಇತ್ತು. ಸೈಕಲ್ಲಿನ ಹ್ಯಾಂಡಲ್ ಅಥವಾ ಕುದುರೆಯ ಲಗಾಮು ಕೈಯಲ್ಲಿದ್ದವರಿಗಷ್ಟೇ ವಿನಾಯಿತಿ. ಗುಂಡು, ಚಕ್ರ ಎಸೆಯುತ್ತಿದ್ದ, ಕಾರ್ ರೇಸ್ ಗೆದ್ದಿದ್ದ ಫ್ರೆಂಚ್ ಕ್ರೀಡಾಪಟು ವಯೊಲೆಟ್ ಮೋರಿಸ್ ಬೀದಿಯಲ್ಲಿ ಪ್ಯಾಂಟು ತೊಟ್ಟೇ ಓಡಾಡುತ್ತಿದ್ದಳು. ಮಹಿಳಾ ಕ್ರೀಡಾ ಒಕ್ಕೂಟ ಆಕೆಯ ಪರವಾನಗಿಯನ್ನು ನವೀಕರಿಸಲಿಲ್ಲ. 1930ರಲ್ಲಿ ಆಕೆ ನ್ಯಾಯಾಲಯಕ್ಕೆ ಹೋದಳು, ಸೋತಳು. ಮುಂದೆ ಆಕೆ ನಾಜಿಗಳ ಜೊತೆ ಕೈಜೋಡಿಸಿದಳು, ಅದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಆದರೆ 1930ರ ಆ ತೀರ್ಪಿನ ಮುಂದೆ ಇದ್ದದ್ದು ಪ್ಯಾಂಟಿನ ಪ್ರಶ್ನೆ.

ಆ ಹೊತ್ತಿಗಾಗಲೇ ಪ್ಯಾರಿಸ್ಸಿನ ಉಡುಪು ವಿನ್ಯಾಸಕ ಜಾನ್ ಪಟೂ ಲಂಗದ ಅಂಚನ್ನು ಮತ್ತೆ ಇಳಿಸಿ, ನಡುವನ್ನು ಅದರ ಜಾಗಕ್ಕೆ ತಂದಿದ್ದ. ಹುಡುಗನಂಥ ಗೆರೆ ಒಂದೆರಡು ಋತುಗಳಲ್ಲಿ ಹಳತಾಯಿತು. ಫ್ರಾನ್ಸಿನ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1944ರಲ್ಲಿ. ಪ್ಯಾಂಟಿನ ಆ ಆದೇಶಕ್ಕೆ ಕಾನೂನಿನ ಬಲವಿಲ್ಲವೆಂದು ಅಲ್ಲಿನ ಸರ್ಕಾರ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ.