ಬಿಟ್ಟು ಬಂದ ಮಡಿಕೇರಿಗೆ ನಾಲ್ಕು ದಿನದ ರಜೆ

ಮೆಲ್ಬರ್ನ್‌ನಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಅಪ್ಪ ಅಮ್ಮನ ಜೊತೆ ಮಡಿಕೇರಿಗೆ ಹೋಗಿ ಬಂದ. ರಾಜಾಸೀಟಿನ ಬಗ್ಗೆ ಹೇಳುತ್ತಾನೋ ದುಬಾರೆಯ ಆನೆಗಳ ಬಗ್ಗೆಯೋ ಅಂದುಕೊಂಡರೆ, ಅವನು ಹೇಳಿದ್ದು ಇದು: "ಆಂಟಿ, ಹೋಂಸ್ಟೇಯಲ್ಲಿ ಅಪ್ಪನ ಆಧಾರ್ ನೋಡಿ ಬಿಟ್ರು. ನನ್ನ ಪಾಸ್‌ಪೋರ್ಟ್ ಮಾತ್ರ ಫೋಟೊ ತೆಗೆದ್ರು. ಅಪ್ಪನ ಊರಲ್ಲಿ ನಾನೊಬ್ಬನೇ ಫಾರಿನರ್."

ಹೋಂಸ್ಟೇಯವರ ತಪ್ಪೇನಿಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವವರನ್ನು ಇಳಿಸಿಕೊಂಡರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ತುಂಬಬೇಕು. ಮಗು ಅಂತ ರಿಯಾಯಿತಿ ಇಲ್ಲ. ಒಸಿಐ ಕಾರ್ಡ್ (ವಿದೇಶಿ ಪೌರತ್ವ ಇರುವ ಭಾರತೀಯ ಮೂಲದವರಿಗೆ ಕೊಡುವುದು) ಇದ್ದರೆ ಅದರ ಪ್ರತಿಯನ್ನೂ ಕೇಳುತ್ತಾರೆ. ಎರಡನ್ನೂ ಮೊಬೈಲಿನಲ್ಲಿ ಇಟ್ಟುಕೊಂಡರೆ ಸಾಲದು, ಒಂದೊಂದು ಝೆರಾಕ್ಸ್ ಇರಲಿ. ಮಳೆ ಗಾಳಿಗೆ ನೆಟ್‌ವರ್ಕ್ ಹೋದರೆ ಕಳಿಸಲು ಆಗುವುದಿಲ್ಲ. ಇನ್ನೊಂದು ವಿಷಯ: 20 ವರ್ಷ ತುಂಬುವವರೆಗೆ ಮಕ್ಕಳ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಹೊಸ ಫೋಟೊವನ್ನು ಒಸಿಐ ಜಾಲತಾಣಕ್ಕೆ ಏರಿಸಬೇಕು. ಟಿಕೆಟ್ ತೆಗೆಯುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಹುಡುಗನ ಮಾತಿನಲ್ಲಿ ಚುಚ್ಚಿದ್ದು ಬೇರೆ: ಅಪ್ಪನ ಊರಲ್ಲೇ ಹೋಂಸ್ಟೇ ಹಿಡಿಯಬೇಕಾದದ್ದು. ಮಡಿಕೇರಿಯಲ್ಲಿ ಬೆಳೆದವರಿಗೆಲ್ಲ ಅಲ್ಲಿ ಐನ್‌ಮನೆಯಾಗಲಿ (ಕೊಡವ ಕುಟುಂಬದ ಮೂಲಮನೆ) ತೋಟವಾಗಲಿ ಇರುವುದಿಲ್ಲ. ಜಿಲ್ಲಾ ಕೇಂದ್ರ ಅಂದಮೇಲೆ ಕಚೇರಿ, ಕೋರ್ಟು, ಬ್ಯಾಂಕು, ಶಾಲೆ ಅಂತ ವರ್ಗವಾಗಿ ಬಂದು, ಬಾಡಿಗೆ ಮನೆಯಲ್ಲೋ ಕ್ವಾರ್ಟರ್ಸಿನಲ್ಲೋ ಹತ್ತಿಪ್ಪತ್ತು ವರ್ಷ ಕಳೆದ ಕುಟುಂಬಗಳು ಬೇಕಾದಷ್ಟಿವೆ. ಆ ಮನೆಗಳ ಮಕ್ಕಳು ಈಗ ದುಬೈ, ಸಿಡ್ನಿ, ಟೊರಾಂಟೊದಲ್ಲಿದ್ದಾರೆ. ಜೂನ್‌ನಲ್ಲಿ ಒದ್ದೆ ಯೂನಿಫಾರಂ ಅನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸಿದ್ದು ನೆನಪಿದೆ; ಇಳಿದುಕೊಳ್ಳಲು ಮನೆಯಿಲ್ಲ. ಪ್ರವಾಸಿಗಳ ಪಟ್ಟಿ ಇವರಿಗೆ ಬೇಡ, ನೆಂಟರ ಮನೆ ಇಲ್ಲ. ಮುಂದಿನದು ಅಂಥವರಿಗೆ.

ಮೊದಲು ದಿನ ಗೊತ್ತುಮಾಡಿ. ಆಸ್ಟ್ರೇಲಿಯಾದ ಮಕ್ಕಳಿಗೆ ದೊಡ್ಡ ರಜೆ ಬರುವುದು ಡಿಸೆಂಬರ್ ಕೊನೆಗೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮಡಿಕೇರಿ ಬೇಡವೇ ಬೇಡ. ರೂಮಿನ ಬಾಡಿಗೆ ಏರಿರುತ್ತದೆ, ಜನರಲ್ ತಿಮ್ಮಯ್ಯ ವೃತ್ತ ದಾಟುವುದೇ ಒಂದು ಕೆಲಸ. ಜನವರಿಯ ಎರಡನೇ ವಾರ ಒಳ್ಳೆಯದು: ಚಳಿ, ಬಿಸಿಲು, ರೊಬಸ್ಟಾ ಕಾಫಿ ಕೊಯ್ಲು. ವಾರಾಂತ್ಯ ಬಿಟ್ಟು ಮಂಗಳವಾರ ಹತ್ತಿ, ಶುಕ್ರವಾರದ ಸಂತೆ ಮುಗಿಸಿ ಅವತ್ತೇ ಮಧ್ಯಾಹ್ನದೊಳಗೆ ಇಳಿಯಿರಿ. ಬೆಂಗಳೂರಿನ ಕಾರುಗಳು ಹತ್ತಲು ಶುರುವಾಗುವುದೇ ಆಮೇಲೆ. ದಸರಾಕ್ಕೆ ಬರುವವರ ಲೆಕ್ಕ ಬೇರೆ. ವಿಜಯದಶಮಿ ರಾತ್ರಿ ಹತ್ತೂ ದೇವಸ್ಥಾನಗಳ ಮಂಟಪದ ಮೆರವಣಿಗೆ ಹೊರಟು ಬೆಳಗಾಗುವವರೆಗೆ ಪೇಟೆಯೊಳಗೆ ವಾಹನ ಓಡದು. ಆದ್ದರಿಂದ ನಡೆದು ಹೋಗುವಷ್ಟು ದೂರದಲ್ಲೇ ರೂಮು ಹಿಡಿಯಬೇಕು, ಮರುದಿನ ನಿದ್ದೆಗೆ ಬಿಡಬೇಕು.

ದಾರಿ. ಬೆಂಗಳೂರು ವಿಮಾನ ನಿಲ್ದಾಣದಿಂದ ಸುಮಾರು 300 ಕಿ.ಮೀ. ಮೈಸೂರಿನವರೆಗಿನ ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಆ ಭಾಗ ಬೇಗ ಮುಗಿಯುತ್ತದೆ. ಅದನ್ನು ನಂಬಿ ಲೆಕ್ಕ ಹಾಕಿದವರು ಮೋಸ ಹೋಗುವುದು ಮೈಸೂರಿನಿಂದ ಮುಂದಿನ 120 ಕಿ.ಮೀ.ನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಲು ಈಗಲೂ ಮೂರು ತಾಸು ಬೇಕು. ಕೊನೆಯ ಮೂವತ್ತು ಕಿ.ಮೀ., ಅಂದರೆ ಆನೆಕಾಡು, ಸುಂಟಿಕೊಪ್ಪ, ಬೋಯಿಕೇರಿ, ಬರೀ ತಿರುವು. ನಿದ್ದೆಗೆಟ್ಟ ಮಕ್ಕಳು ವಾಂತಿ ಮಾಡುವುದು ಅಲ್ಲೇ. ಮೈಸೂರಿನಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಹೊಟ್ಟೆಗೆ ಹಗುರವಾಗಿ ಏನಾದರೂ ತಿಂದು ಹೊರಡಿ. ಗಲ್ಫ್‌ನಿಂದ ಬರುವವರಿಗೆ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣವೇ ಹತ್ತಿರ, ಮಾಕುಟ್ಟದ ಕಾಡುದಾರಿಯಲ್ಲಿ ವಿರಾಜಪೇಟೆ ಸೇರಬಹುದು. ಮಳೆಗಾಲದಲ್ಲಿ ಆ ಘಾಟಿಯಲ್ಲಿ ಬರೆ (ಗುಡ್ಡದ ಕಡಿದಾದ ಅಂಚು) ಕುಸಿಯುತ್ತದೆ, ಹೊರಡುವ ದಿನವೇ ವಿಚಾರಿಸಿಕೊಳ್ಳಿ. ಕತ್ತಲಾದ ಮೇಲೆ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಕಾರಿನಲ್ಲೂ ಹೋಗಬೇಡಿ. ಆನೆ ತೋಟದಿಂದ ತೋಟಕ್ಕೆ ದಾಟುವ ಹೊತ್ತದು.

ಹಳೆಯ ವಿಳಾಸ ಹಿಡಿದು ಹುಡುಕುವವರು 2018ರ ಆಗಸ್ಟ್‌ನ ಭೂಕುಸಿತವನ್ನು ನೆನಪಿಟ್ಟುಕೊಳ್ಳಬೇಕು. ಇಂದಿರಾನಗರ, ಚಾಮುಂಡೇಶ್ವರಿನಗರದಲ್ಲಿ ಮನೆ ಕಳಕೊಂಡವರಲ್ಲಿ ಎಷ್ಟೋ ಜನ ಈಗ ಕರ್ಣಂಗೇರಿ, ಮದೆನಾಡು, ಜಂಬೂರಿನ ಹೊಸ ಬಡಾವಣೆಗಳಲ್ಲಿದ್ದಾರೆ. ಗುಡ್ಡವನ್ನು ಜೆಸಿಬಿಯಿಂದ ನೆಟ್ಟಗೆ ಕಡಿದು ಮಟ್ಟ ಮಾಡಿದರೆ ಮೇಲಿನ ಮಣ್ಣಿಗೆ ಕಾಲಿರುವುದಿಲ್ಲ. ವಾರಗಟ್ಟಲೆ ಇಂಗಿದ ನೀರು ಹೊರಹೋಗಲು ದಾರಿ ಕಾಣದೆ ಮಣ್ಣನ್ನೇ ತಳ್ಳಿಕೊಂಡು ಬರುತ್ತದೆ. ಇಷ್ಟು ಕಂಡೂ ಅದೇ ಬರೆಯನ್ನು ಕಡಿದು ಮತ್ತೆ ರೆಸಾರ್ಟ್ ಕಟ್ಟುತ್ತಿದ್ದಾರೆ. ನೋಟ ಚೆನ್ನಾಗಿ ಕಾಣುವ ರೂಮು ಬೇಕು ಅಂತ ಕೇಳುವವರು ನಾವೇ, ಇದನ್ನೂ ಹೇಳಬೇಕಾಗುತ್ತದೆ. ಕಾಯ್ದಿರಿಸುವಾಗ ಹೋಂಸ್ಟೇ ನೋಂದಣಿಯಾಗಿದೆಯೇ, ಹಿಂದಿನ ಬರೆ ಎಷ್ಟು ಎತ್ತರ, ಎರಡನ್ನೂ ಕೇಳಿ.

ಮಕ್ಕಳಿಗೆ ತೋರಿಸಲು ಒಂದು ಜಾಗ ಹೇಳುವುದಾದರೆ ಸನ್ನಿಸೈಡ್. ಮಡಿಕೇರಿಯಲ್ಲಿ ಲೈಸೆನ್ಸಿಗೆ ಅಲೆದವರಿಗೆ ಅದು ಆರ್‌ಟಿಓ ಆಫೀಸು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆಯಾದ ಅದು 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯ. ಕೋಟೆಯೊಳಗಿದ್ದ ಸರ್ಕಾರಿ ಕಚೇರಿಗಳೂ ಹೊರಗೆ ಹೋಗಿವೆ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ಇದ್ದಲ್ಲೇ ಇದೆ. ಬೆಳಿಗ್ಗೆ ಹೋದರೆ ಕೆರೆಯ ಮೀನಿಗೆ ಪುರಿ ಹಾಕುವ ಮಕ್ಕಳಿಗೆ ಭಾಷೆ ಅಡ್ಡ ಬರುವುದಿಲ್ಲ. ಅಬ್ಬಿ ಜಲಪಾತ ಜನವರಿಯಲ್ಲಿ ಬೇಡ, ನೀರು ಕಡಿಮೆ.

ಹಳೆಯ ಪರಿಚಯದವರ ಮನೆಗೆ ಹೋಗುವುದು ರಜೆಯ ಮುಖ್ಯ ಕೆಲಸ, ಹೆಚ್ಚಿನವರು ಅವಸರ ಮಾಡುವುದೂ ಇದರಲ್ಲೇ. ದಿನಕ್ಕೆ ಎರಡು ಮನೆ, ಅಷ್ಟೇ. ಕೊಡಗಿನಲ್ಲಿ ಕಾಫಿ ಕುಡಿದು ಏಳುತ್ತೇವೆ ಅಂದರೆ ಯಾರೂ ಬಿಡುವುದಿಲ್ಲ. ಕಡಂಬುಟ್ಟು (ಅಕ್ಕಿ ಕಡುಬು) ಬೇಯುತ್ತಿರುತ್ತದೆ, ಊಟವಾಗದೆ ಹೊರಟರೆ ಬೇಜಾರು. ಹಿಂದಿನ ದಿನವೇ ಫೋನ್ ಮಾಡಿ, ಹಂದಿ ತಿನ್ನುವುದಿಲ್ಲ ಅಂತಿದ್ದರೆ ಆಗಲೇ ಹೇಳಿಬಿಡಿ. ತೋಟದ ಮನೆಯಾದರೆ ಸಂಜೆ ನಾಲ್ಕರಿಂದ ಆರರವರೆಗೆ ಹೋಗಬೇಡಿ. ಕೊಯ್ದ ಕಾಫಿ ಹಣ್ಣು ತೂಗಿ, ರೈಟರ್ (ತೋಟದ ಗುಮಾಸ್ತ) ಲೆಕ್ಕ ಬರೆದುಕೊಳ್ಳುವ ಹೊತ್ತು. ಯಜಮಾನರು ಕಣದಲ್ಲಿ ನಿಂತಿರುತ್ತಾರೆ, ನೀವು ಜಗುಲಿಯಲ್ಲಿ ಕೂತರೆ ಅವರಿಗೆ ಎರಡೂ ಕಡೆ ಇಕ್ಕಟ್ಟು.

ಆ ಊಟದ ಹೊತ್ತಿನಲ್ಲೇ "ಇಲ್ಲೊಂದು ಎರಡೆಕರೆ ತಗೊಂಡು ಬಿಡಿ" ಅನ್ನುವ ಮಾತು ಬರುತ್ತದೆ. ಅನಿವಾಸಿಗಳೂ ಒಸಿಐ ಇರುವವರೂ ಕೃಷಿ ಭೂಮಿ, ತೋಟ, ತೋಟದ ಮನೆ ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಹಾಗೆ ಬಂದದ್ದಿದ್ದರೂ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದು, ನಾಲ್ಕು ದಿನದ ಕೆಲಸವಲ್ಲ: ಮರಣ ಪತ್ರ, ವಂಶವೃಕ್ಷ, ಆಮೇಲೆ ನೋಟಿಸಿನ ಅವಧಿ. ಅದಕ್ಕೆ ಬೇರೆಯೇ ರಜೆ ಹಾಕಬೇಕು.

ಕಾಫಿ ಪುಡಿಯನ್ನು ಹೊರಡುವ ದಿನ ಕೊಳ್ಳಬೇಡಿ, ಬುಧವಾರವೇ ತೆಗೆದುಕೊಳ್ಳಿ. ಹುರಿದ ಬೀಜದಿಂದ ಒಂದೆರಡು ದಿನ ಅನಿಲ ಹೊರಬರುತ್ತಲೇ ಇರುತ್ತದೆ. ಬಿಸಿಯಿದ್ದಾಗಲೇ ಸೀಲ್ ಮಾಡಿದ ಪೊಟ್ಟಣ ಊದಿಕೊಂಡು ಸೂಟ್‌ಕೇಸಿನಲ್ಲಿ ಬಾಯಿ ಬಿಡುತ್ತದೆ. ಕಾಚಂಪುಳಿ (ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿ) ಕೊಳ್ಳುವಾಗ ಬಾಟಲಿ ಓರೆ ಮಾಡಿ ನೋಡಿ, ಕಪ್ಪಗೆ ದಪ್ಪಗೆ ನಿಧಾನವಾಗಿ ಇಳಿಯಬೇಕು, ನೀರಿನಂತೆ ಓಡಿದರೆ ಬೇಡ. ತಗಡಿನ ಮುಚ್ಚಳವನ್ನು ಹುಳಿ ತಿಂದುಹಾಕುತ್ತದೆ. ಪ್ಲಾಸ್ಟಿಕ್ ಮುಚ್ಚಳದ ಬಾಟಲಿಗೆ ತುಂಬಿ, ಎರಡು ಕವರ್ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿ. ಕೈಚೀಲದಲ್ಲಿ ಬಿಡುವುದಿಲ್ಲ.

ಆಸ್ಟ್ರೇಲಿಯಾಕ್ಕೆ ಏನೇ ತಿನ್ನುವ ಪದಾರ್ಥ ಒಯ್ದರೂ ಅಲ್ಲಿ ಇಳಿಯುವ ಪ್ರಯಾಣಿಕರು ತುಂಬುವ ಕಾರ್ಡಿನಲ್ಲಿ ಬರೆಯಲೇಬೇಕು. ಬರೆದು ತೋರಿಸಿದ್ದಕ್ಕೆ ದಂಡ ಹಾಕುವುದಿಲ್ಲ, ಹೆಚ್ಚೆಂದರೆ ಕಸದ ಬುಟ್ಟಿಗೆ ಹಾಕುತ್ತಾರೆ. ಪಂದಿ (ಹಂದಿ ಮಾಂಸದ) ಉಪ್ಪಿನಕಾಯಿಯ ಆಸೆ ಬಿಡಿ. ಪರ್ತ್ ಕಡೆಯವರು ಜೇನನ್ನೂ ಬಿಡಬೇಕು, ಪಶ್ಚಿಮ ಆಸ್ಟ್ರೇಲಿಯಾದೊಳಗೆ ಹೊರಗಿನ ಜೇನು ಬರುವಂತಿಲ್ಲ. ಕಿತ್ತಳೆಯೂ ಅಷ್ಟೇ, ಸಂತೆಯಲ್ಲಿ ಕೊಂಡು ಕುಶಾಲನಗರ ಬರುವುದರೊಳಗೆ ಕಾರಿನಲ್ಲೇ ತಿಂದು ಮುಗಿಸಿ. ಸಿಪ್ಪೆ ಬಿಗಿಯಾಗಿ, ಹಸಿರು ಹಳದಿಯಾಗಿರುವುದು ನಮ್ಮದು. ರಸ್ತೆ ಬದಿಯಲ್ಲಿ ಕೊಡಗಿನದ್ದು ಅಂತ ರಾಶಿ ಹಾಕಿ ಮಾರುವುದರಲ್ಲಿ ನಾಗಪುರದ್ದೂ ಸೇರಿರುತ್ತದೆ.